ಹಳಿ ಇತ್ತು, ದಾರಿ ಹೋಯಿತು: ಕೋಲ್ಕತ್ತಾ ಟ್ರಾಮ್‌ನ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)



ಮುಂಬೈನಲ್ಲಿ ನಿಮಗೆ ನೆಂಟರಿದ್ದರೆ, ಅದರಲ್ಲೂ ಮಾಟುಂಗಾ, ದಾದರ್ ಕಡೆಯ ಕನ್ನಡಿಗರಾಗಿದ್ದರೆ, ಅವರ ಬಾಯಲ್ಲಿ 'ದಾದರ್ ಟಿ.ಟಿ.' ಅನ್ನೋ ಹೆಸರು ಕೇಳಿರ್ತೀರಿ. "ಟಿ.ಟಿ. ಹತ್ರ ಇಳ್ಕೊಂಡು ಫೋನ್ ಮಾಡಿ" ಅಂತಾರೆ. ಈ ಟಿ.ಟಿ. ಅಂದ್ರೆ ಟ್ರಾಮ್ ಟರ್ಮಿನಸ್. ಆ ವೃತ್ತಕ್ಕೆ ಖೋದಾದಾದ್ ಸರ್ಕಲ್ ಅಂತ ಅಧಿಕೃತ ಹೆಸರೇ ಇದೆ. ಆದ್ರೂ ಜನರ ಬಾಯಲ್ಲಿ ಉಳಿದಿರೋದು ಟಿ.ಟಿ.ನೇ. ಮುಂಬೈನ ಕಟ್ಟಕಡೆಯ ಟ್ರಾಮ್ ಬೋರಿಬಂದರ್‌ನಿಂದ ಹೊರಟು ದಾದರ್‌ಗೆ ಬಂದು ನಿಂತಿದ್ದು 1964ರ ಮಾರ್ಚ್ 31ರ ರಾತ್ರಿ. ಅರವತ್ತು ವರ್ಷದ ಮೇಲಾಯ್ತು. ಟ್ರಾಮ್ ಹೋಯ್ತು, ಸ್ಟಾಪಿನ ಹೆಸರು ಮಾತ್ರ ಹೋಗಲಿಲ್ಲ.

ಕಾನ್ಪುರದ ಟ್ರಾಮ್ ನಿಂತಿದ್ದು 1933ರಲ್ಲಿ. ಮದ್ರಾಸಿನದ್ದು 1953ರಲ್ಲಿ. ದಿಲ್ಲಿಯದ್ದು 1963ರಲ್ಲಿ. ಮರುವರ್ಷ ಮುಂಬೈ. ಇಡೀ ದೇಶದಲ್ಲಿ ಉಳಿದಿದ್ದು ಕೋಲ್ಕತ್ತಾ ಒಂದೇ. ಅಲ್ಲೂ ಈಗ ಕೊನೆಯ ಉಸಿರು. 2024ರ ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಬಂಗಾಳದ ಸಾರಿಗೆ ಸಚಿವರು, ಮೈದಾನ ಮತ್ತು ಎಸ್ಪ್ಲನೇಡ್ ನಡುವಿನ ಒಂದು ಪಾರಂಪರಿಕ ಸವಾರಿ ಬಿಟ್ಟು ಉಳಿದೆಲ್ಲ ಟ್ರಾಮ್ ನಿಲ್ಲಿಸುತ್ತೇವೆ ಅಂದ್ರು. ಕಾರಣ? ಟ್ರಾಮ್ ನಿಧಾನ, ಅದರಿಂದ ಟ್ರಾಫಿಕ್ ಜಾಮ್ ಆಗುತ್ತೆ.

ಇವತ್ತು ನಾನು ಕೇಳಬೇಕು ಅಂದ್ಕೊಂಡಿರೋ ಪ್ರಶ್ನೆ ಇದು. ಟ್ರಾಮ್ ನಿಧಾನ ಅನ್ನೋದು ನಿಜ. ಆದರೆ ಅದು ನಿಧಾನ ಆಗಿದ್ದು ಹೇಗೆ? ಹುಟ್ಟಿನಿಂದಲೇ ಹಾಗಿತ್ತಾ, ಇಲ್ಲಾ ಯಾರಾದ್ರೂ ಮಾಡಿದ್ರಾ? ಇದಕ್ಕೆ ಉತ್ತರ ಬೇಕು ಅಂದ್ರೆ ಟ್ರಾಮ್ ಅನ್ನೋ ವಾಹನವನ್ನು ನೋಡಿದರೆ ಸಾಲದು. ಅದರ ವೇಳಾಪಟ್ಟಿ ನೋಡಬೇಕು, ಸ್ಟಾಪು ನೋಡಬೇಕು. ಸ್ವಲ್ಪ ಲೆಕ್ಕ ಇದೆ, ಹೆದರಬೇಡಿ. ಮಗ್ಗಿ ಬಂದರೆ ಸಾಕು.

ಕುದುರೆಗಳ ಲೆಕ್ಕ

ಮೊದಲು ಕಲ್ಕತ್ತಾಗೆ ಹೋಗೋಣ. 1873ರ ಫೆಬ್ರುವರಿ 24. ಸಿಯಾಲ್ದಾದಿಂದ ಹೂಗ್ಲಿ ನದಿ ದಂಡೆಯ ಆರ್ಮೇನಿಯನ್ ಘಾಟ್‌ವರೆಗೆ, ಸುಮಾರು ನಾಲ್ಕು ಕಿಲೋಮೀಟರ್ ದೂರ, ದೇಶದ ಮೊದಲ ಟ್ರಾಮ್ ಓಡಿತು. ಎಳೆಯುತ್ತಿದ್ದದ್ದು ಕುದುರೆಗಳು. ಜನ ಹತ್ತಲಿಲ್ಲ. ಒಂಬತ್ತೇ ತಿಂಗಳು, ಅದೇ ವರ್ಷ ನವೆಂಬರ್ 20ಕ್ಕೆ ಮುಚ್ಚಿಹೋಯ್ತು. ದೇಶದ ಮೊದಲ ಟ್ರಾಮ್ ಸೇವೆ ಒಂದು ದೀಪಾವಳಿಯಿಂದ ಇನ್ನೊಂದು ದೀಪಾವಳಿವರೆಗೂ ಬಾಳಲಿಲ್ಲ.

ಮರುವರ್ಷ, 1874ರ ಮೇ 9ರಂದು ಬಾಂಬೆಯಲ್ಲಿ ಶುರುವಾಯ್ತು. ಎರಡು ಮಾರ್ಗ. ಕೊಲಾಬಾದಿಂದ ಕ್ರಾಫರ್ಡ್ ಮಾರ್ಕೆಟ್ ಮೇಲಾಸಿ ಪಾಯಧುನಿಗೆ ಒಂದು, ಬೋರಿಬಂದರ್‌ನಿಂದ ಕಾಲಬಾದೇವಿ ಮೇಲಾಸಿ ಪಾಯಧುನಿಗೆ ಇನ್ನೊಂದು. ದರ ಮೂರಾಣೆ. ಮೊದಮೊದಲು ಟಿಕೆಟ್ಟೇ ಇರಲಿಲ್ಲ, ಹತ್ತಿದವರು ದುಡ್ಡು ಕೊಡ್ತಿದ್ರು ಅಷ್ಟೆ. ಆಮೇಲೆ ಕೊಡದೆ ಇಳಿದು ಹೋಗೋರು ಜಾಸ್ತಿಯಾದ್ರು, ಟಿಕೆಟ್ ಬಂತು. ಮನುಷ್ಯ ಸ್ವಭಾವ, ಏನ್ ಮಾಡೋಕಾಗುತ್ತೆ.

ಬಾಂಬೆ ಕಂಪನಿ ಶುರುಮಾಡಿದ್ದು 20 ಗಾಡಿ, 200 ಕುದುರೆಗಳೊಂದಿಗೆ. ಅಂದ್ರೆ ಗಾಡಿಗೆ 10 ಕುದುರೆ. ಆದರೆ ಒಂದು ಗಾಡಿ ಎಳೆಯೋಕೆ ಒಂದೋ ಎರಡೋ ಕುದುರೆ ಸಾಕು. ಹಾಗಾದ್ರೆ ಉಳಿದವು ಯಾಕೆ? ಯಾಕಂದ್ರೆ ಕುದುರೆಗೆ ಸುಸ್ತಾಗುತ್ತೆ. ಬೇಸಿಗೆಯ ಬಿಸಿಲಲ್ಲಿ, ಮನುಷ್ಯರನ್ನು ತುಂಬಿದ ಗಾಡಿಯನ್ನು ದಿನಕ್ಕೆ ಕೆಲವೇ ಗಂಟೆ ಎಳೆಯಬಲ್ಲದು. ಆಮೇಲೆ ಬಿಚ್ಚಿ ಲಾಯಕ್ಕೆ ಕಳಿಸಿ, ಬೇರೆ ಜೋಡಿ ಕಟ್ಟಬೇಕು. ಗಾಡಿ ದಿನವಿಡೀ ಓಡ್ತಾ ಇರುತ್ತೆ, ಕುದುರೆಗಳು ಪಾಳಿಯಲ್ಲಿ ಬದಲಾಗ್ತವೆ.

ಹಾಗಾಗಿ ಆ ಕಾಲದಲ್ಲಿ ವೇಳಾಪಟ್ಟಿ ಅಂದ್ರೆ ಕುದುರೆಗಳ ಪಾಳಿಯ ಪಟ್ಟಿ. ಹತ್ತು ನಿಮಿಷಕ್ಕೊಂದು ಗಾಡಿ ಬಿಡಬೇಕಾ, ಐದು ನಿಮಿಷಕ್ಕೊಂದಾ ಅನ್ನೋದು ಲಾಯದಲ್ಲಿ ಎಷ್ಟು ಕುದುರೆ ಇವೆ, ಎಷ್ಟಕ್ಕೆ ಮೇವು ಹಾಕೋಕಾಗುತ್ತೆ ಅನ್ನೋದರ ಮೇಲೆ ನಿಂತಿತ್ತು. ಬಾಂಬೆ ಕಂಪನಿಯ ಲಾಯದಲ್ಲಿ 1,360 ಕುದುರೆ ಇದ್ದವು ಅನ್ನೋ ಲೆಕ್ಕ ಸಿಗುತ್ತೆ. ಕಲ್ಕತ್ತಾದಲ್ಲಿ 1880ರಲ್ಲಿ ಹೊಸದಾಗಿ ಹುಟ್ಟಿದ ಕಲ್ಕತ್ತಾ ಟ್ರಾಮ್‌ವೇಸ್ ಕಂಪನಿ, ನೋಂದಣಿ ಆಗಿದ್ದು ಲಂಡನ್‌ನಲ್ಲಿ, ಆ ಶತಮಾನದ ಕೊನೆಗೆ 166 ಗಾಡಿ, 1,000 ಕುದುರೆ, 19 ಮೈಲಿ ಹಳಿ ಇಟ್ಟುಕೊಂಡಿತ್ತು. ನಡುವೆ 1882ರಲ್ಲಿ ಉಗಿ ಎಂಜಿನ್ ಕಟ್ಟಿ ಎಳೆಸಿಯೂ ನೋಡಿದ್ರು.

ಈ ಲೆಕ್ಕ ಯಾಕೆ ಹೇಳಿದೆ ಅಂದ್ರೆ, ಟ್ರಾಮ್‌ನ ಖರ್ಚು ಅದರ ಗಾಡಿಯಲ್ಲಿಲ್ಲ. ಒಂದು ಸುತ್ತು ಮುಗಿಸೋಕೆ ಹಿಡಿಯೋ ಹೊತ್ತಿನಲ್ಲಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕರೆಂಟು ಬಂತು

ಭಾರತದ ಮೊದಲ ವಿದ್ಯುತ್ ಟ್ರಾಮ್ ಓಡಿದ್ದು ಮದ್ರಾಸಿನಲ್ಲಿ, 1895ರ ಮೇ 7ಕ್ಕೆ. ವಿಶೇಷ ಏನಂದ್ರೆ, ಶುರುವಿನಲ್ಲಿ ತಲೆಯ ಮೇಲೆ ತಂತಿ ಇರಲಿಲ್ಲ. ರಸ್ತೆಯ ಕೆಳಗೆ ಕಾಲುವೆ ಥರ ಕೊರೆದು, ಅದರೊಳಗಿಂದ ಕರೆಂಟು ಕೊಡ್ತಿದ್ರು. ನೋಡೋಕೆ ಚೆಂದ. ಆದರೆ ಮದ್ರಾಸಿನ ಮಳೆಗೆ ಆ ಕಾಲುವೆಯಲ್ಲಿ ನೀರು ತುಂಬಿದ್ರೆ ಏನಾಗುತ್ತೆ ಅಂತ ನಾನು ಹೇಳಬೇಕಿಲ್ಲ. ಕೊನೆಗೆ ಎಲ್ಲರ ಹಾಗೆ ಅವರೂ ತಂತಿಯನ್ನು ಮೇಲೇ ಕಟ್ಟಿದ್ರು.

ಕಲ್ಕತ್ತಾದಲ್ಲಿ 1902ರ ಮಾರ್ಚ್ 27ರಂದು ಎಸ್ಪ್ಲನೇಡ್‌ನಿಂದ ಕಿದ್ದರ್‌ಪುರಕ್ಕೆ ಮೊದಲ ವಿದ್ಯುತ್ ಟ್ರಾಮ್. ಬಾಂಬೆಯಲ್ಲಿ 1907ರ ಮೇ 7. ಬಾಂಬೆಯಲ್ಲಿ ನೂಕುನುಗ್ಗಲು ಎಷ್ಟಾಯ್ತು ಅಂದ್ರೆ 1920ರಲ್ಲಿ ಡಬಲ್ ಡೆಕ್ಕರ್ ಟ್ರಾಮ್‌ಗಳೇ ಬಂದವು.

ಕರೆಂಟಿಗೆ ಸುಸ್ತಿಲ್ಲ, ಮೇವು ಬೇಡ. ಈಗ ವೇಳಾಪಟ್ಟಿ ಕುದುರೆಯ ಕೈಬಿಟ್ಟು ಮನುಷ್ಯರ ಕೈಗೆ ಬಂತು. ಡ್ರೈವರ್, ಕಂಡಕ್ಟರ್, ಹಳಿ ಕವಲೊಡೆಯೋ ಕಡೆ ಉದ್ದನೆಯ ಕಬ್ಬಿಣದ ಸಲಾಕೆ ಹಿಡಿದು ನಿಲ್ಲೋ ಪಾಯಿಂಟ್ಸ್‌ಮ್ಯಾನ್, ಟರ್ಮಿನಸ್‌ನಲ್ಲಿ ಸಮಯ ಬರೆದುಕೊಳ್ಳೋ ಗುಮಾಸ್ತ. ಕಲ್ಕತ್ತಾದ ಗಾಡಿ ಅಂದ್ರೆ ಎರಡು ಡಬ್ಬಿ. ಮುಂದಿನದು ಫಸ್ಟ್ ಕ್ಲಾಸ್, ಅದಕ್ಕೆ ಫ್ಯಾನ್. ಹಿಂದಿನದು ಸೆಕೆಂಡ್ ಕ್ಲಾಸ್, ಅಲ್ಲಿ ಕಿಟಕಿ ಗಾಳಿಯೇ ಫ್ಯಾನ್. ಕಂಡಕ್ಟರ್ ಚಾವಣಿಯ ಹಗ್ಗ ಎಳೆದರೆ ಡ್ರೈವರ್ ಹತ್ತಿರ ಗಂಟೆ ಬಾರಿಸುತ್ತೆ. ದಾರಿಗೆ ಅಡ್ಡ ಬಂದವರಿಗೆ ಡ್ರೈವರ್ ಕಾಲಿನಲ್ಲೇ ತುಳಿದು ಗಂಟೆ ಬಾರಿಸ್ತಾನೆ. ಮೇಲಿನ ತಂತಿಯಲ್ಲಿ 550 ವೋಲ್ಟ್. ಗಾಡಿಯ ನೆತ್ತಿಯ ಕೋಲು ತಂತಿಯಿಂದ ಜಾರಿದ್ರೆ ಇಳಿದು, ಹಗ್ಗ ಹಿಡಿದು, ಮತ್ತೆ ತಂತಿಗೆ ಕೂರಿಸಬೇಕು. ಅಷ್ಟೊತ್ತು ಹಿಂದಿನ ಗಾಡಿಗಳೆಲ್ಲ ಕಾಯ್ತಾ ಇರ್ತವೆ.

ಇಲ್ಲಿದೆ ನೋಡಿ ಟ್ರಾಮ್‌ನ ಮೂಲ ಗುಣ. ಒಂದು ಟ್ರಾಮ್ ಇನ್ನೊಂದು ಟ್ರಾಮನ್ನು ಓವರ್‌ಟೇಕ್ ಮಾಡೋಕಾಗಲ್ಲ. ಪಕ್ಕಕ್ಕೆ ಸರಿಯೋಕಾಗಲ್ಲ. ಕಲ್ಕತ್ತಾದ ಗಾಡಿಗಳಿಗೆ ಡ್ರೈವರ್ ಜಾಗ ಮುಂದೆ ಮಾತ್ರ ಇರೋದರಿಂದ ತಿರುಗೋಕೂ ಟರ್ಮಿನಸ್‌ನಲ್ಲಿ ಹಳಿಯನ್ನು ಬಳೆಯ ಥರ ಸುತ್ತು ಹಾಕಬೇಕು. ಅಂದ್ರೆ ಇಡೀ ಮಾರ್ಗ ಒಂದು ಮಣಿಸರ ಇದ್ದ ಹಾಗೆ. ಒಂದು ಮಣಿ ಸಿಕ್ಕಿಹಾಕ್ಕೊಂಡ್ರೆ ಹಿಂದಿನದ್ದೆಲ್ಲ ನಿಂತುಹೋಗುತ್ತೆ.

ಹತ್ತು ಗಾಡಿ, ಆರು ನಿಮಿಷ

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಇದು ನಾನು ಉದಾಹರಣೆಗೆ ಕಟ್ಟಿದ ಮಾರ್ಗ, ಯಾವುದೋ ಊರಿನ ಅಂಕಿ ಅಲ್ಲ.

ಒಂದು ಟ್ರಾಮ್ ಟರ್ಮಿನಸ್ ಬಿಟ್ಟು, ಆ ತುದಿ ಮುಟ್ಟಿ, ವಾಪಸ್ ಬರೋಕೆ 60 ನಿಮಿಷ. ನಿಮ್ಮ ಹತ್ತಿರ 10 ಗಾಡಿ ಇವೆ. ಸಮನಾಗಿ ಹಂಚಿದ್ರೆ ಪ್ರತಿ ಸ್ಟಾಪಿನಲ್ಲೂ 6 ನಿಮಿಷಕ್ಕೊಂದು ಗಾಡಿ. ಆರು ನಿಮಿಷ ಅಂದ್ರೆ ಯಾರೂ ವೇಳಾಪಟ್ಟಿ ನೋಡಲ್ಲ. ಸ್ಟಾಪಿಗೆ ಬಂದ್ರೆ ಸಾಕು, ಗಾಡಿ ಬರುತ್ತೆ ಅನ್ನೋ ಧೈರ್ಯ ಇರುತ್ತೆ.

ಈಗ ದಾರಿಯಲ್ಲಿ ಅಡೆತಡೆ ಜಾಸ್ತಿಯಾಯ್ತು. ಸುತ್ತಿಗೆ 60ರ ಬದಲು 90 ನಿಮಿಷ ಆಯ್ತು ಅಂದ್ಕೊಳ್ಳಿ. ಅದೇ 10 ಗಾಡಿಗೆ ಈಗ 9 ನಿಮಿಷಕ್ಕೊಂದು. ಮೊದಲಿನ ಥರ 6 ನಿಮಿಷಕ್ಕೊಂದು ಬೇಕು ಅಂದ್ರೆ 15 ಗಾಡಿ ಬೇಕು, 15 ಡ್ರೈವರ್ ಬೇಕು. ಇಲ್ಲಾ, ಇರೋದರಲ್ಲೇ ನಡೆಸ್ತೀವಿ ಅಂದ್ರೆ, ಎಂಟು ಗಂಟೆಯ ಪಾಳಿಯಲ್ಲಿ ಎಂಟು ಸುತ್ತು ಹೊಡೀತಿದ್ದ ಗಾಡಿ ಈಗ ಐದು ಚಿಲ್ಲರೆ ಸುತ್ತು ಹೊಡೆಯುತ್ತೆ. ಸಂಬಳ ಅಷ್ಟೇ. ಡಿಪೊ ಖರ್ಚು ಅಷ್ಟೇ. ಸುತ್ತು ಮಾತ್ರ ಮೂರರಲ್ಲಿ ಒಂದು ಪಾಲು ಕಡಿಮೆ.

ಕುದುರೆಗಳ ಕಾಲದ ಲೆಕ್ಕವೇ ಇದು. ಹೊತ್ತು ಹೆಚ್ಚಾದರೆ ಕುದುರೆ ಹೆಚ್ಚು ಬೇಕು.

ಸ್ಟಾಪಿನಲ್ಲಿ ಏನಾಗುತ್ತೆ ನೋಡಿ. ಒಂದು ಗಾಡಿ ಎರಡು ನಿಮಿಷ ತಡ. ಮುಂದಿನ ಸ್ಟಾಪಿನಲ್ಲಿ ಆ ಎರಡು ನಿಮಿಷದಲ್ಲಿ ಇನ್ನಷ್ಟು ಜನ ಸೇರಿರ್ತಾರೆ. ಅವರೆಲ್ಲ ಹತ್ತೋಕೆ ಹೊತ್ತು ಬೇಕು, ಗಾಡಿ ಇನ್ನೂ ತಡ. ಹಿಂದಿನ ಗಾಡಿಗೆ ಜನವೇ ಇಲ್ಲ, ಅದು ಬೇಗ ಬೇಗ ಬಂದು ಇದರ ಬೆನ್ನಿಗೆ ಅಂಟಿಕೊಳ್ಳುತ್ತೆ. ನೀವು ಅರ್ಧ ಗಂಟೆ ಕಾದ ಮೇಲೆ ಒಂದೇ ನಂಬರಿನ ಎರಡು ಬಸ್ ಒಟ್ಟಿಗೆ ಬರೋದನ್ನು ನೋಡಿ ಬೈಕೊಂಡಿರ್ತೀರಲ್ಲ, ಅದೇ ಇದು. ಬಸ್ಸಾದ್ರೆ ಹಿಂದಿನದು ಮುಂದೆ ಹೋಗಿ ಸರಿಮಾಡಬಹುದು. ಟ್ರಾಮ್‌ಗೆ ಆ ಅವಕಾಶವೇ ಇಲ್ಲ. ಟರ್ಮಿನಸ್‌ನಲ್ಲಿ ಕೆಲವು ನಿಮಿಷ ಬಿಡುವು ಇಟ್ಟು ಈ ತಡವನ್ನು ನುಂಗಿಸ್ತಾರೆ. ತಡ ಆ ಬಿಡುವಿಗಿಂತ ಹೆಚ್ಚಾದ ದಿನ ವೇಳಾಪಟ್ಟಿ ಬರೀ ಗೋಡೆಗೆ ಅಂಟಿಸಿದ ಕಾಗದ.

ಹಾಗಾಗಿ ಟ್ರಾಮ್ ನಡೆಸೋ ಜನಕ್ಕೆ ಬೇಕಾಗಿದ್ದು ವೇಗ ಅಲ್ಲ. ಮುಂದಿರೋ ಹಳಿ ಖಾಲಿ ಇರಬೇಕು, ಅಷ್ಟೆ.

ಒಂದು ಪೈಸೆಯ ಜಗಳ

ಕಲ್ಕತ್ತಾದ ಜನಕ್ಕೆ ಟ್ರಾಮ್ ಎಷ್ಟು ಮುಖ್ಯ ಆಗಿತ್ತು ಅನ್ನೋದು ಗೊತ್ತಾಗಬೇಕಾದ್ರೆ 1953ರ ಜುಲೈಗೆ ಬರಬೇಕು.

ಸ್ವಾತಂತ್ರ್ಯ ಬಂದು ಆರು ವರ್ಷ ಆಗಿತ್ತು, ಟ್ರಾಮ್ ಇನ್ನೂ ಬ್ರಿಟಿಷ್ ಕಂಪನಿಯದ್ದೇ. ದೇಶ ವಿಭಜನೆಯಾಗಿ ಪೂರ್ವ ಬಂಗಾಳದಿಂದ ಲಕ್ಷಾಂತರ ನಿರಾಶ್ರಿತರು ಬಂದು ನಗರ ತುಂಬಿತ್ತು. ಕೆಲಸ ಕಡಿಮೆ, ಅಕ್ಕಿ ದುಬಾರಿ. ಆಗ ಕಂಪನಿ ಜುಲೈ 1ರಿಂದ ಸೆಕೆಂಡ್ ಕ್ಲಾಸ್ ದರವನ್ನು ಒಂದು ಪೈಸೆ ಏರಿಸಿತು. ಆಗಿನ ಪೈಸೆ, ರೂಪಾಯಿಗೆ 64.

ಒಂದು ಪೈಸೆಗೆ ಇಷ್ಟು ಗಲಾಟೆನಾ ಅಂತ ಈಗ ಅನ್ನಿಸಬಹುದು. ಆದರೆ ದಿನಾ ಹೋಗಿ ಬರೋ ಗುಮಾಸ್ತನಿಗೆ, ಗಿರಣಿ ಕಾರ್ಮಿಕನಿಗೆ ಅದು ತಿಂಗಳ ಲೆಕ್ಕದಲ್ಲಿ ಕಾಣೋ ದುಡ್ಡು. ಅದು ಹೋಗೋದು ಲಂಡನ್ನಿನ ಷೇರುದಾರರಿಗೆ ಅನ್ನೋ ಸಿಟ್ಟು ಬೇರೆ. ಎಡಪಕ್ಷಗಳು ಸೇರಿ ಪ್ರತಿರೋಧ ಸಮಿತಿ ಕಟ್ಟಿದವು. ಮುಂದೆ ಮುಖ್ಯಮಂತ್ರಿಯಾದ ಜ್ಯೋತಿ ಬಸು ಆ ಚಳವಳಿಯ ಮುಂದಾಳುಗಳಲ್ಲಿ ಒಬ್ಬರು. ಜನ ಟ್ರಾಮ್ ಹತ್ತಿ ಹಳೇ ದರವನ್ನೇ ಮುಂದೆ ಚಾಚಿದ್ರು. ತಗೊಂಡ್ರೆ ತಗೊಳ್ಳಿ, ಇಲ್ಲಾಂದ್ರೆ ಬಿಡಿ. ಆಮೇಲೆ ಬಹಿಷ್ಕಾರ, ಹರತಾಳ, ಲಾಠಿ, ಅಶ್ರುವಾಯು, ಗೋಲಿಬಾರ್. ಟ್ರಾಮ್‌ಗಳಿಗೆ ಬೆಂಕಿ ಬಿತ್ತು. ಕೊನೆಗೆ ಸರ್ಕಾರ ಆ ಏರಿಕೆಯನ್ನು ತಡೆಹಿಡಿಯಬೇಕಾಯ್ತು.

ಜನ ಗೆದ್ದರು. ಅದು ನ್ಯಾಯವಾದ ಗೆಲುವು ಅಂತಲೇ ನನ್ನ ಅಭಿಪ್ರಾಯ. ಆದರೆ ಆ ಗೆಲುವಿನ ನೆರಳು ಉದ್ದ ಇತ್ತು. ಇನ್ಮುಂದೆ ದರ ಏರಿಸ್ತೀನಿ ಅನ್ನೋದು ಸುಲಭದ ಮಾತಾಗಿ ಉಳಿಯಲಿಲ್ಲ. ದರ ಏರದೆ, ಸರ್ಕಾರವೂ ಕೈಹಿಡಿಯದೆ ಇದ್ರೆ ಹಳಿ ಸವೆಯುತ್ತೆ, ಗಾಡಿ ಮುದಿಯಾಗುತ್ತೆ. 1967ರಲ್ಲಿ ರಾಜ್ಯ ಸರ್ಕಾರ ಕಂಪನಿಯ ಆಡಳಿತವನ್ನು ಕೈಗೆ ತಗೊಂಡಿತು. 1976ರಲ್ಲಿ ರಾಷ್ಟ್ರೀಕರಣವೇ ಆಯ್ತು. ಟ್ರಾಮ್ ಕೊನೆಗೂ ಊರಿನದ್ದಾಯ್ತು. ಅಷ್ಟರಲ್ಲಿ ಹೌರಾ ಕಡೆಯ ಮಾರ್ಗಗಳು ಮುಚ್ಚಿಹೋಗಿದ್ದವು.

ಹುಲ್ಲಿನ ದಾರಿ ಕಾಂಕ್ರೀಟ್ ಆಯ್ತು

ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

ಹಳೇ ಕಲ್ಕತ್ತಾದ ಫೋಟೋಗಳಲ್ಲಿ ರಾಸ್‌ಬಿಹಾರಿ ಅವೆನ್ಯೂ ನೋಡಿ. ಅಗಲವಾದ ರಸ್ತೆ, ಎರಡೂ ಬದಿಗೆ ವಾಹನ, ನಡುವೆ ಹುಲ್ಲು ಬೆಳೆದ ಪಟ್ಟಿ, ಆ ಹುಲ್ಲಿನ ಮೇಲೆ ಟ್ರಾಮ್ ಹಳಿ. ಕಾರು, ಲಾರಿ ಆ ಹುಲ್ಲಿಗೆ ಕಾಲಿಡೋ ಹಾಗಿಲ್ಲ. ಟ್ರಾಮ್‌ಗೆ ಅದರದ್ದೇ ದಾರಿ. ಆಧುನಿಕ ಬಂಗಾಳಿಯ ದೊಡ್ಡ ಕವಿ ಜೀವನಾನಂದ ದಾಸ್ 1954ರ ಅಕ್ಟೋಬರ್ 14ರಂದು ಟ್ರಾಮ್‌ಗೆ ಸಿಕ್ಕಿದ್ದು ಇದೇ ರಸ್ತೆಯಲ್ಲಿ. ಎಂಟು ದಿನದ ಮೇಲೆ ತೀರಿಕೊಂಡರು. ಬಂಗಾಳಿಗಳಿಗೆ ಟ್ರಾಮ್ ಬರೀ ಪ್ರೀತಿಯ ನೆನಪಲ್ಲ, ಇಂಥ ನೋವೂ ಅದರ ಜೊತೆಗಿದೆ.

ಕಾಲ ಕಳೆದ ಹಾಗೆ ವಾಹನ ಹೆಚ್ಚಾದವು. ರಸ್ತೆ ಸಾಲದು ಅನ್ನೋ ಕೂಗು ಎದ್ದಿತು. ಆಗ ನಗರ ಹುಡುಕಿಕೊಂಡ ಸುಲಭದ ಜಾಗ ಯಾವುದು? ನಡುವಿನ ಹುಲ್ಲು. ಅದನ್ನು ತೆಗೆದು ಕಾಂಕ್ರೀಟ್ ಹಾಕಿ, ಹಳಿಯನ್ನು ರಸ್ತೆಯ ಮಟ್ಟಕ್ಕೆ ಹುದುಗಿಸಿ, ಎಲ್ಲ ವಾಹನಕ್ಕೂ ಬಿಟ್ಟರು. ಟ್ರಾಮನ್ನು ಯಾರೂ ನಿಲ್ಲಿಸಲಿಲ್ಲ. ಹಳಿ ಅಲ್ಲೇ ಇತ್ತು, ಗಾಡಿ ಓಡ್ತಾನೇ ಇತ್ತು. ಆದರೆ ಅದರ ಮುಂದೆ ಈಗ ಒಂದು ಟ್ಯಾಕ್ಸಿ, ಅದರ ಮುಂದೆ ಆಟೋ, ಅದರ ಮುಂದೆ ಮಿನಿಬಸ್.

ನಮ್ಮ ಲೆಕ್ಕ ನೆನಪಿದೆಯಲ್ಲ? 60 ನಿಮಿಷ 90 ಆಗೋದು ಹೀಗೆ.

ಸ್ಟಾಪಿನ ಕಥೆ ಇನ್ನೂ ಕಷ್ಟ. ಹುಲ್ಲಿನ ಪಟ್ಟಿ ಇದ್ದಾಗ ಟ್ರಾಮ್‌ಗೆ ಕಾಯೋರು ಅದರ ಪಕ್ಕದಲ್ಲೇ ನಿಂತುಕೊಳ್ತಿದ್ರು. ಈಗ ಹಳಿ ರಸ್ತೆಯ ನಡುವೆ, ಜನ ಫುಟ್‌ಪಾತ್ ಮೇಲೆ. ಟ್ರಾಮ್ ಬಂದು ನಿಂತಾಗ ನಡುವೆ ಓಡ್ತಿರೋ ವಾಹನಗಳ ಸಾಲು ದಾಟಿ ಹತ್ತಬೇಕು. ಕಾಲೇಜು ಹುಡುಗರು ಓಡಿ ಹತ್ತಬಹುದು. ಮಂಡಿ ನೋವಿನ ಅಜ್ಜಿ, ಕಂಕುಳಲ್ಲಿ ಮಗು ಇರೋ ತಾಯಿ? ಟ್ರಾಮ್‌ನ ನಿಜವಾದ ಗಿರಾಕಿಗಳೇ ಅವರು. ನಿಧಾನವಾಗಿ ಹತ್ತಬಹುದು, ಜೋರಾಗಿ ಎಳೆದಾಡಲ್ಲ, ದರ ಕಮ್ಮಿ ಅಂತ ಬರ್ತಿದ್ದವರು. ಅವರಿಗೆ ಸ್ಟಾಪೇ ಅಪಾಯದ ಜಾಗ ಆಗೋಯ್ತು.

ನಾನು ಕೋಲ್ಕತ್ತಾಗೆ ಹೋದಾಗ ಶ್ಯಾಮ್‌ಬಜಾರ್‌ನಿಂದ ಎಸ್ಪ್ಲನೇಡ್‌ಗೆ ಹೋಗೋ 5ನೇ ನಂಬರ್ ಹತ್ತಿದ್ದೆ. ಕಾಲೇಜ್ ಸ್ಟ್ರೀಟಿನ ಪುಸ್ತಕದ ಅಂಗಡಿಗಳ ನಡುವೆ ಹಾದುಹೋಗುತ್ತೆ. ಹಳಿ ಖಾಲಿ ಸಿಕ್ಕ ಕಡೆ ಗಾಡಿ ಚೆನ್ನಾಗೇ ಓಡ್ತು, ಪಕ್ಕದ ಆಟೋಗೆ ಕಮ್ಮಿಯೇನಿರಲಿಲ್ಲ. ಒಂದು ಕಡೆ ನಿಂತುಬಿಡ್ತು. ಹಳಿ ಮೇಲೆ ಒಂದು ಕೈಗಾಡಿ, ಅದರಿಂದ ಮೂಟೆ ಇಳಿಸ್ತಾ ಇದ್ದಾರೆ. ಡ್ರೈವರ್ ಕಾಲಲ್ಲಿ ಗಂಟೆ ತುಳಿದರು, ಢಣ್ ಢಣ್ ಅಂತ. ಮೂಟೆಯವನು ಕೈಯೆತ್ತಿ 'ಆಯ್ತು ಆಯ್ತು' ಅನ್ನೋ ಸನ್ನೆ ಮಾಡಿದ. ಗಾಡಿಯಲ್ಲಿದ್ದ ಯಾರಿಗೂ ಆಶ್ಚರ್ಯ ಇರಲಿಲ್ಲ. ಹತ್ತಾರು ಜನ ಕೂತಿದ್ದ ಗಾಡಿ ಮೂಟೆಗಳು ಮುಗಿಯೋವರೆಗೂ ಕಾಯ್ತು. ನಮ್ಮ ಹಿಂದೆ ಹಾರ್ನ್ ಹೊಡೀತಿದ್ದ ಕಾರಿನವರಿಗೆ ಕಾಣ್ತಿದ್ದದ್ದು ಟ್ರಾಮ್ ಒಂದೇ. ಕೈಗಾಡಿ ಟ್ರಾಮ್‌ನ ಮರೆಯಲ್ಲಿತ್ತು. 'ಟ್ರಾಮ್‌ನಿಂದ ಜಾಮ್' ಅಂತ ಅವರು ಮನೆಗೆ ಹೋಗಿ ಹೇಳಿರ್ತಾರೆ, ತಪ್ಪಿಲ್ಲ. ಅವರಿಗೆ ಕಂಡಿದ್ದು ಅಷ್ಟೇ.

ಮೆಟ್ರೊ ಇನ್ನೊಂದು ಪೆಟ್ಟು. 1984ರ ಅಕ್ಟೋಬರ್ 24ಕ್ಕೆ ದೇಶದ ಮೊದಲ ಮೆಟ್ರೊ ಇದೇ ಊರಿನಲ್ಲಿ ಶುರುವಾಯ್ತು. ಅದು ಹೆಮ್ಮೆಯ ವಿಷಯ. ಆದರೆ ಮೆಟ್ರೊಗೆ ಅಗೆದ ಕಡೆ, ಮೇಲ್ಸೇತುವೆ ಕಟ್ಟಿದ ಕಡೆ ಟ್ರಾಮ್ ಹಳಿ ತುಂಡಾಯ್ತು. 'ತಾತ್ಕಾಲಿಕ' ಅಂತ ನಿಲ್ಲಿಸಿದ ಎಷ್ಟೋ ಮಾರ್ಗ ಮತ್ತೆ ಬರಲಿಲ್ಲ. 1943ರಿಂದ ಟ್ರಾಮ್ ದಾಟ್ತಿದ್ದ ಹೌರಾ ಸೇತುವೆಯ ಮೇಲೆ 1993ರಲ್ಲಿ ನಿಂತಿತು. ಮಣಿಸರದ ಮಾತು ಹೇಳಿದ್ನಲ್ಲ, ನಡುವಿನ ಒಂದು ಕೊಂಡಿ ಕಳಚಿದ್ರೆ ಡಿಪೊದಿಂದ ಮಾರ್ಗಕ್ಕೆ ಗಾಡಿ ತರೋ ದಾರಿಯೇ ಇರಲ್ಲ. 1992ರಲ್ಲಿ ಟ್ರಾಮ್ ಕಂಪನಿಯೇ ಬಸ್ ಓಡಿಸೋಕೆ ಶುರುಮಾಡ್ತು.

ಈ ಸರಪಳಿ ನೋಡಿ. ದಾರಿ ಹೋಯ್ತು, ಗಾಡಿ ನಿಧಾನ ಆಯ್ತು. ನಿಧಾನ ಆಗಿದ್ದಕ್ಕೆ ಗಾಡಿಗಳ ನಡುವಿನ ಅಂತರ ಹೆಚ್ಚಾಯ್ತು. ಅಂತರ ಹೆಚ್ಚಾಗಿದ್ದಕ್ಕೆ ಜನ ಬಿಟ್ಟರು. ಜನ ಇಲ್ಲ ಅಂತ ಗಾಡಿ ಇನ್ನೂ ಕಡಿಮೆ ಮಾಡಿದರು. ಕೊನೆಗೆ, 'ಯಾರೂ ಹತ್ತಲ್ಲ, ಯಾಕಿಟ್ಕೋಬೇಕು?' ಇದರಲ್ಲಿ ಪ್ರತಿ ಹೆಜ್ಜೆಯೂ ಆಯಾ ದಿನಕ್ಕೆ ಸರಿ ಅನ್ನಿಸುತ್ತೆ. ಒಟ್ಟು ಸೇರಿಸಿದಾಗ ಮಾತ್ರ ಒಂದು ನಗರ ತನ್ನ ಟ್ರಾಮನ್ನು ತಾನೇ ಮುಗಿಸಿದ್ದು ಕಾಣುತ್ತೆ.

ಆ ಕಡೆಯ ಮಾತೂ ಕೇಳೋಣ

ಸರ್ಕಾರದ ವಾದವನ್ನು ತಳ್ಳಿಹಾಕೋದು ನ್ಯಾಯ ಅಲ್ಲ. ಕೋಲ್ಕತ್ತಾದ ಒಟ್ಟು ವಿಸ್ತೀರ್ಣದಲ್ಲಿ ರಸ್ತೆಯ ಪಾಲು ಬರೀ 6 ಪರ್ಸೆಂಟ್ ಅಂತ ಸಚಿವರು ಹೇಳಿದ್ರು. ಉತ್ತರ ಕೋಲ್ಕತ್ತಾದ ಹಳೇ ಬೀದಿಗಳು ಎಷ್ಟು ಇಕ್ಕಟ್ಟು ಅಂದ್ರೆ, ಎರಡು ಹಳಿ ಹಾಕಿದ ಮೇಲೆ ಬೇರೆಯವರಿಗೆ ಜಾಗವೇ ಇಲ್ಲ. ಮಳೆಯಲ್ಲಿ ಒದ್ದೆ ಹಳಿ ಮೇಲೆ ಬೈಕ್ ಜಾರುತ್ತೆ, ಅದೂ ನಿಜ. ಹಾಗಾಗಿ ಎಲ್ಲ ಬೀದಿಯಲ್ಲೂ ಟ್ರಾಮ್ ಇರಲೇಬೇಕು ಅಂತ ನಾನು ವಾದ ಮಾಡ್ತಿಲ್ಲ.

ನನ್ನ ಪ್ರಶ್ನೆ ಬೇರೆ. ರಸ್ತೆ ಅಷ್ಟು ಕಡಿಮೆ ಇದ್ರೆ, ಆ ಕಡಿಮೆ ಜಾಗ ಮೊದಲು ಯಾರಿಗೆ ಸಿಗಬೇಕು? ಒಬ್ಬರೇ ಕೂತಿರೋ ಕಾರಿಗಾ, ನೂರು ಜನ ಹಿಡಿಸೋ ಗಾಡಿಗಾ? ಜಾಗ ಕಮ್ಮಿ ಅನ್ನೋದು ಟ್ರಾಮ್ ತೆಗೆಯೋಕೆ ಕಾರಣ ಆದ್ರೆ, ಅದೇ ಮಾತು ಕಾರು ನಿಲ್ಲಿಸೋ ಜಾಗಕ್ಕೂ ಅನ್ವಯ ಆಗಬೇಕಲ್ವಾ?

ಈ ಪ್ರಶ್ನೆ ಕೋರ್ಟಿಗೂ ಹೋಗಿದೆ. ಟ್ರಾಮ್ ಪ್ರೇಮಿಗಳು ಕಲ್ಕತ್ತಾ ಹೈಕೋರ್ಟ್ ಮೆಟ್ಟಿಲು ಹತ್ತಿದ್ದಾರೆ. ಹಳಿಗಳ ಮೇಲೆ ಟಾರು ಸುರಿದು ಮುಚ್ಚೋದನ್ನು 2025ರ ಆರಂಭದಲ್ಲಿ ಕೋರ್ಟ್ ತಡೆಯಿತು.

ಬೇರೆ ದಾರಿ ಇತ್ತಾ ಅಂತ ಕೇಳೋರಿಗೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಉದಾಹರಣೆ. ಅಲ್ಲೂ ಕಾರು ಹೆಚ್ಚಾಗಿ ಟ್ರಾಮ್ ಸಿಕ್ಕಿಹಾಕ್ಕೊಳ್ತಿತ್ತು. 1962ರಲ್ಲಿ, ನಗರದ ನಡುವಿನ ಟ್ರಾಮ್‌ಗಳನ್ನು ನೆಲದಡಿಗೆ ಇಳಿಸೋಣ ಅನ್ನೋ ಯೋಜನೆ ಜನಮತಕ್ಕೆ ಬಂತು. ಜನ ಬೇಡ ಅಂದ್ರು. 1973ರಲ್ಲಿ ಮೆಟ್ರೊ ಕಟ್ಟೋಣ ಅಂದಾಗ ಅದನ್ನೂ ತಿರಸ್ಕರಿಸಿದರು. 1977ರಲ್ಲಿ ಬೇರೊಂದು ಪ್ರಸ್ತಾವಕ್ಕೆ ಹೂಂ ಅಂದ್ರು. ಟ್ರಾಮ್, ಬಸ್ಸುಗಳ ಓಟ ಚುರುಕು ಮಾಡೋಕೆ 20 ಕೋಟಿ ಫ್ರಾಂಕ್. ಆ ದುಡ್ಡಲ್ಲಿ ಏನು ಮಾಡಿದ್ರು? ಟ್ರಾಮ್‌ಗೆ ಪ್ರತ್ಯೇಕ ಪಥ ಕೊಟ್ಟರು. ಟ್ರಾಮ್ ಹತ್ತಿರ ಬರ್ತಿದೆ ಅಂತ ಸಿಗ್ನಲ್ಲಿಗೆ ಗೊತ್ತಾಗಿ ಹಸಿರು ದೀಪ ಬೀಳೋ ಹಾಗೆ ಮಾಡಿದ್ರು. ಗಾಡಿಯ ವೇಗದ ಕಡೆ ನೋಡದೆ ಅದರ ಮುಂದಿನ ದಾರಿಯನ್ನು ಖಾಲಿ ಮಾಡಿದ್ರು. ಅಲ್ಲಿ ಹಗಲು ಹೊತ್ತು ಏಳೂವರೆ ನಿಮಿಷಕ್ಕೊಂದು ಟ್ರಾಮ್ ಬರುತ್ತೆ. ಶ್ರೀಮಂತ ಊರು, ನಿಜ. ಆದ್ರೆ ಅವರು ಮೆಟ್ರೊಗಿಂತ ಅಗ್ಗದ ದಾರಿಯನ್ನೇ ಆರಿಸಿಕೊಂಡಿದ್ದು.

ನಮ್ಮ ಊರಿನ ಹಸಿರು ಪಟ್ಟಿ

ಕೊನೆಯದಾಗಿ ಮನೆ ಹತ್ತಿರದ ಮಾತು. ಬೆಂಗಳೂರಿಗೆ ಟ್ರಾಮ್ ಬರಲೇ ಇಲ್ಲ. ಆದ್ರೆ ಟ್ರಾಮ್ ಕಲಿಸೋ ಪಾಠ ನಮ್ಮಲ್ಲೂ ನಡೀತಾ ಇದೆ.

2019ರ ಕೊನೆಯಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್ ಕಡೆಯಿಂದ ಕೆ.ಆರ್. ಪುರಂ ಕಡೆಗೆ, ಬಿಎಂಟಿಸಿ ಬಸ್ಸಿಗೆ ಪ್ರತ್ಯೇಕ ಪಥ ಮಾಡಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆಮೇಲೆ ಮೆಟ್ರೊ ಕಾಮಗಾರಿ ಬಂತು, ಪಥ ಹೋಯ್ತು.

ಹುಬ್ಬಳ್ಳಿ-ಧಾರವಾಡದಲ್ಲಿ 2018ರಿಂದ 'ಚಿಗರಿ' ಬಸ್ ಓಡ್ತಿದೆ. ಸುಮಾರು 22 ಕಿಲೋಮೀಟರ್. ಬಹಳಷ್ಟು ದೂರ ರಸ್ತೆಯ ನಡುವೆ ಬಸ್ಸಿಗೆ ಮಾತ್ರ ಮೀಸಲಾದ ಪಥ, ಅದರಲ್ಲೇ ಎತ್ತರದ ನಿಲ್ದಾಣ. ಹಳಿ ಒಂದಿಲ್ಲ ಅನ್ನೋದು ಬಿಟ್ರೆ ಅದು ಹಳೇ ರಾಸ್‌ಬಿಹಾರಿ ಅವೆನ್ಯೂವಿನ ಹುಲ್ಲಿನ ಪಟ್ಟಿಯೇ. ಈಗ ಅಲ್ಲೂ ಆ ಮಾತು ಕೇಳಿಬರ್ತಿದೆ: 'ನಡುವಿನ ಪಥ ಖಾಲಿ ಬಿದ್ದಿರುತ್ತೆ, ಪಕ್ಕದಲ್ಲಿ ನಾವು ಜಾಮ್‌ನಲ್ಲಿ ಒದ್ದಾಡ್ತೀವಿ, ಎಲ್ಲ ವಾಹನಕ್ಕೂ ಬಿಡಿ.' ಜಾಮ್‌ನಲ್ಲಿ ನಿಂತವರಿಗೆ ಹಾಗನ್ನಿಸೋದು ಸಹಜ. ಚಿಗರಿ ಸೇವೆಯಲ್ಲಿ ತಿದ್ದಬೇಕಾದ್ದೂ ಬೇಕಾದಷ್ಟಿದೆ. ಬಸ್ಸು ಹಳೆಯದಾಗಿವೆ, ರಸ್ತೆ ಪಕ್ಕದ ಜನಕ್ಕೆ ದಾಟೋಕೆ ತೊಂದರೆ ಇದೆ.

ಆದರೆ ಪಥ ಖಾಲಿ ಕಾಣೋದು ಅದು ಕೆಲಸ ಮಾಡ್ತಿದೆ ಅನ್ನೋದರ ಗುರುತು. ಬಸ್ಸು ಹೋಗಿ ಆಯ್ತು, ಅದಕ್ಕೆ ಖಾಲಿ. ಅದನ್ನು ತುಂಬಿಸಿದ ದಿನ 60 ನಿಮಿಷ 90 ಆಗುತ್ತೆ, ಆರು ನಿಮಿಷದ ಅಂತರ ಒಂಬತ್ತಾಗುತ್ತೆ. ಆಮೇಲೆ ಕೆಲವು ವರ್ಷಕ್ಕೆ ಯಾರೋ ಒಬ್ಬರು ಮೈಕ್ ಹಿಡಿದು, 'ಚಿಗರಿ ನಿಧಾನ, ಜನ ಹತ್ತಲ್ಲ, ನಿಲ್ಲಿಸೋಣ' ಅಂತಾರೆ. ಆಗ ಅವರ ಮಾತೂ ನಿಜವೇ ಆಗಿರುತ್ತೆ.

ಹಾಗಾಗಿ ನಿಮ್ಮ ಊರಿನಲ್ಲಿ ಈ ಚರ್ಚೆ ಬಂದಾಗ ಒಂದು ಪ್ರಶ್ನೆ ಕೇಳಿ. ಈ ಗಾಡಿ ಎಷ್ಟು ವೇಗವಾಗಿ ಓಡುತ್ತೆ ಅಂತಲ್ಲ. ಇದರ ಮುಂದಿನ ದಾರಿ ಯಾರ ಕೈಯಲ್ಲಿದೆ ಅಂತ. ಹುಬ್ಬಳ್ಳಿ-ಧಾರವಾಡದ ಕೇಳುಗರಿದ್ದರೆ ನಿಮ್ಮ ಅನುಭವ ಬರೆದು ಕಳಿಸಿ. ಚಿಗರಿ ದಿನಾ ಹತ್ತೋರು, ಹತ್ತದೆ ಬೈಯೋರು, ಇಬ್ಬರೂ ಬರೀರಿ. ಮುಂದಿನ ವಾರ ಸಿಗೋಣ. ನಮಸ್ಕಾರ.